ಹಳೆಯ ಫ್ಲ್ಯಾಟಿನ ಕೌನ್ಸಿಲ್ ತೆರಿಗೆ ಬಾಕಿಯೆಂದು ಬೇಲಿಫ್ ಬಂದಿದ್ದಾರೆ: 310 ಪೌಂಡ್ ಶುಲ್ಕವನ್ನು ಕಟ್ಟಲೇಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದವನು. ಕಳೆದ ವರ್ಷ ಜುಲೈ ಆರಂಭದಲ್ಲಿ ನನ್ನ ಹೆಂಡತಿ ಮತ್ತು ಆರು ವರ್ಷದ ಮಗಳು ಮೈಸೂರಿನಿಂದ ಬಂದು ನನ್ನ ಜೊತೆ ಸೇರಿದರು. ಮೂವರಿಗೆ ಫ್ಲ್ಯಾಟು ಇಕ್ಕಟ್ಟಾದ್ದರಿಂದ ಸೆಪ್ಟೆಂಬರ್ ಕೊನೆಗೆ ಅದನ್ನು ಬಿಟ್ಟು, ಅದೇ ಕೌನ್ಸಿಲ್ (ಸ್ಥಳೀಯ ಆಡಳಿತ) ವ್ಯಾಪ್ತಿಯಲ್ಲಿರುವ ಈಗಿನ ಬಾಡಿಗೆ ಮನೆಗೆ ಬಂದೆವು. ವಿಳಾಸ ಬದಲಾದ ವಿಷಯವನ್ನು ಅದೇ ವಾರ ಕೌನ್ಸಿಲ್ಲಿನ ಜಾಲತಾಣದಲ್ಲಿ ದಾಖಲಿಸಿದ್ದೆ. ಅದನ್ನು ಸ್ವೀಕರಿಸಿದ್ದೇವೆ ಎಂಬ ಇಮೇಲ್ ನನ್ನ ಬಳಿ ಇದೆ. ಹೊಸ ಮನೆಯ ತೆರಿಗೆ ಅಂದಿನಿಂದ ಡೈರೆಕ್ಟ್ ಡೆಬಿಟ್ ಮೂಲಕ ತಪ್ಪದೆ ಹೋಗುತ್ತಿದೆ.

ಹೀಗಿರುವಾಗ, ನಾನು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಎನ್‌ಫೋರ್ಸ್‌ಮೆಂಟ್ ಏಜೆಂಟ್ (ಬಾಕಿ ವಸೂಲಿಗೆ ಬರುವ ಬೇಲಿಫ್) ಎಂದು ಹೇಳಿಕೊಂಡವರೊಬ್ಬರು ಬಂದು ಬಾಗಿಲು ತಟ್ಟಿದ್ದಾರೆ. ನನ್ನ ಹೆಂಡತಿ ಬಾಗಿಲು ತೆರೆಯದೆ ಕಿಟಕಿಯಿಂದಲೇ ಮಾತನಾಡಿದ್ದಾಳೆ. ಅವರು ಬಿಟ್ಟುಹೋದ ಕಾಗದದಲ್ಲಿ ಹಳೆಯ ಫ್ಲ್ಯಾಟಿನ ಬಾಕಿ 640 ಪೌಂಡ್, ನ್ಯಾಯಾಲಯದ ವೆಚ್ಚ 80 ಪೌಂಡ್, ಮೊದಲ ಹಂತದ ಶುಲ್ಕ 75 ಪೌಂಡ್, ಭೇಟಿಯ ಹಂತದ ಶುಲ್ಕ 235 ಪೌಂಡ್, ಒಟ್ಟು 1,030 ಪೌಂಡ್ ಎಂದಿದೆ. ಕೂಡಲೇ ಕಟ್ಟದಿದ್ದರೆ ಮತ್ತೆ ಬಂದು ಸಾಮಾನುಗಳನ್ನು ಜಪ್ತಿ ಮಾಡುತ್ತೇವೆ ಎಂದೂ ಬರೆದಿದ್ದಾರೆ. ಇದಕ್ಕೆ ಮೊದಲು ಜ್ಞಾಪನಾ ಪತ್ರವಾಗಲಿ, ಸಮನ್ಸ್ ಆಗಲಿ, ಬೇಲಿಫ್ ಸಂಸ್ಥೆಯ ನೋಟಿಸ್ ಆಗಲಿ ಈ ಮನೆಗೆ ಬಂದಿಲ್ಲ. ಹಳೆಯ ಫ್ಲ್ಯಾಟಿಗೆ ವರ್ಷಕ್ಕೆ 1,600 ಪೌಂಡ್ ತೆರಿಗೆ ಇತ್ತು, ಏಪ್ರಿಲಿನಿಂದ ಹತ್ತು ಕಂತುಗಳು, ಕಂತಿಗೆ 160. ಸೆಪ್ಟೆಂಬರ್‌ವರೆಗಿನ ಆರು ಕಂತುಗಳನ್ನು ಕಟ್ಟಿದ್ದೇನೆ.

ಮನೆಯಲ್ಲಿ ಎಲ್ಲರೂ ಭಯಗೊಂಡಿದ್ದಾರೆ. ಹಣ ಹೋದರೆ ಹೋಗಲಿ, ಕಟ್ಟಿ ಮುಗಿಸಿಬಿಡೋಣ ಎಂದು ಹೆಂಡತಿ ಹೇಳುತ್ತಿದ್ದಾಳೆ. ಕಟ್ಟಿಬಿಡುವುದು ಸರಿಯೇ? ಅವರು ಬಾಗಿಲು ಒಡೆದು ಒಳಗೆ ಬರಬಹುದೇ? ಮನೆಯ ಮುಂದೆ ಕಂತಿನ ಮೇಲೆ ತೆಗೆದುಕೊಂಡ ಕಾರು ನಿಂತಿದೆ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಮನೆಯಲ್ಲಿದೆ. ಇದರಿಂದ ವೀಸಾಕ್ಕೆ ತೊಂದರೆಯಾಗಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ: ಸಾಲ ಸಲಹಾ ಕೇಂದ್ರವೊಂದರಲ್ಲಿ ಸ್ವಯಂಸೇವಕಿ

ನಿಮ್ಮ ಮನೆಯವರು ಬಾಗಿಲು ತೆರೆಯದೆ ಮಾತನಾಡಿದ್ದು ಬಹಳ ಒಳ್ಳೆಯದಾಯಿತು, ಇದನ್ನು ಅವರಿಗೆ ದಯವಿಟ್ಟು ತಿಳಿಸಿ. ಕೌನ್ಸಿಲ್ ತೆರಿಗೆಯ ಬಾಕಿಗಾಗಿ ಬರುವ ಏಜೆಂಟರಿಗೆ ಮೊದಲ ಬಾರಿ ಮನೆಯೊಳಗೆ ಬಲವಂತವಾಗಿ ನುಗ್ಗುವ ಅಧಿಕಾರವಿಲ್ಲ. ಅವರು ಬಾಗಿಲಿನಿಂದ, ಸಮಾಧಾನವಾಗಿ, ತೆರೆದಿದ್ದರೆ ಅಥವಾ ಯಾರಾದರೂ ಒಳಗೆ ಬಿಟ್ಟರೆ ಮಾತ್ರ ಬರಬಹುದು. ಬಾಗಿಲು ಒಡೆಯುವಂತಿಲ್ಲ, ನಿಮ್ಮನ್ನು ತಳ್ಳಿ ಒಳಗೆ ಬರುವಂತಿಲ್ಲ, ಕಿಟಕಿಯಿಂದ ಇಳಿಯುವಂತಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ರಾತ್ರಿ 9ರ ನಡುವೆ ಮಾತ್ರ ಬರಬೇಕು, ಮತ್ತು 16 ವರ್ಷಕ್ಕಿಂತ ಚಿಕ್ಕ ಮಕ್ಕಳು ಮಾತ್ರ ಮನೆಯಲ್ಲಿದ್ದಾಗ ಒಳಗೆ ಕಾಲಿಡಬಾರದು. ಆದರೆ ಒಮ್ಮೆ ನೀವೇ ಒಳಗೆ ಕರೆದು, ಅವರು ಸಾಮಾನುಗಳ ಪಟ್ಟಿ ಮಾಡಿ, ಕಂತಿನಲ್ಲಿ ಕಟ್ಟುತ್ತೇನೆ ಎಂಬ ಒಪ್ಪಂದಕ್ಕೆ ನೀವು ಸಹಿ ಹಾಕಿದಿರೆಂದರೆ ಪರಿಸ್ಥಿತಿ ಬದಲಾಗುತ್ತದೆ. ಆ ಒಪ್ಪಂದ ಮುರಿದರೆ, ನೋಟಿಸ್ ಕೊಟ್ಟು, ಅಗತ್ಯವಿದ್ದರೆ ಬಲ ಬಳಸಿ ಮತ್ತೆ ಒಳಗೆ ಬರಲು ಅವರಿಗೆ ಅವಕಾಶವಿದೆ. ಆದ್ದರಿಂದ ಅವರು ಎಷ್ಟೇ ಸೌಜನ್ಯದಿಂದ ಕೇಳಿದರೂ ಮಾತುಕತೆ ಹೊರಗೇ ಇರಲಿ, ಗುರುತಿನ ಚೀಟಿ ಮತ್ತು ಅಧಿಕಾರಪತ್ರವನ್ನು ಅಂಚೆ ಕಿಂಡಿಯಿಂದ ತೋರಿಸಲು ಹೇಳಿ.

ಈಗ ಶುಲ್ಕದ ವಿಷಯ. ಇದು ಏಜೆಂಟರ ಇಷ್ಟಕ್ಕೆ ಬಿಟ್ಟ ಮೊತ್ತವಲ್ಲ. 2007ರ ಟ್ರಿಬ್ಯೂನಲ್ಸ್, ಕೋರ್ಟ್ಸ್ ಅಂಡ್ ಎನ್‌ಫೋರ್ಸ್‌ಮೆಂಟ್ ಕಾಯ್ದೆಯ ಅಡಿಯಲ್ಲಿ 2014ರ ಏಪ್ರಿಲ್ 6ರಿಂದ ಜಾರಿಗೆ ಬಂದ ಶುಲ್ಕ ನಿಯಮಗಳು ಮೂರು ಹಂತಗಳನ್ನು ಗುರುತಿಸಿವೆ. 2014ರ ಆ ನಿಯಮಗಳಲ್ಲಿ ನಿಗದಿಯಾದ ದರ ಹೀಗಿತ್ತು: ಕೌನ್ಸಿಲ್ ಪ್ರಕರಣವನ್ನು ಏಜೆಂಟರಿಗೆ ವಹಿಸಿದಾಗ 75 ಪೌಂಡ್. ಅವರು ಮೊದಲ ಬಾರಿ ಮನೆಗೆ ಬಂದಾಗ 235 ಪೌಂಡ್, ಅದರ ಜೊತೆಗೆ ಬಾಕಿ 1,500 ಪೌಂಡಿಗಿಂತ ಹೆಚ್ಚಿದ್ದರೆ ಹೆಚ್ಚಿನ ಭಾಗದ ಶೇ. 7.5, ಸಾಮಾನುಗಳನ್ನು ಮಾರಾಟಕ್ಕೆ ಸಾಗಿಸಲು ಬಂದಾಗ 110 ಪೌಂಡ್ ಮತ್ತು ಅದೇ ರೀತಿಯ ಶೇ. 7.5. ನಿಮ್ಮ ಕಾಗದದ ಲೆಕ್ಕ ಈ ಮೊತ್ತಗಳಿಗೇ ಹೊಂದುತ್ತದೆ. ದರಗಳನ್ನು ಸರ್ಕಾರ ಪರಿಷ್ಕರಿಸಬಹುದಾದ್ದರಿಂದ, ಇದನ್ನು ಮುಂದೆ ಓದುವವರು ತಮ್ಮ ಕಾಗದದ ದಿನಾಂಕದಂದು ಜಾರಿಯಲ್ಲಿದ್ದ ದರವನ್ನೇ ನೋಡಿಕೊಳ್ಳಬೇಕು. ಭೇಟಿಯ ಹಂತದ ಶುಲ್ಕ ಒಂದೇ ಬಾರಿ ಬರುವಂಥದ್ದು; ಅವರು ನಾಲ್ಕು ಸಲ ಬಂದು ಬಾಗಿಲು ತಟ್ಟಿದರೂ 235 ಪೌಂಡ್ ನಾಲ್ಕು ಪಟ್ಟಾಗುವುದಿಲ್ಲ. ಒಬ್ಬರ ಮೇಲೆಯೇ ಎರಡು ಮೂರು ಆದೇಶಗಳಿದ್ದು ಅವುಗಳನ್ನು ಒಟ್ಟಿಗೆ ಜಾರಿ ಮಾಡಲು ಸಾಧ್ಯವಿದ್ದರೆ, ಒಂದೇ ಭೇಟಿಯ ಶುಲ್ಕ ಬರುವಂತೆ ಅವರು ನೋಡಿಕೊಳ್ಳಬೇಕು. ಬಾಕಿದಾರರು ಅಶಕ್ತರಾಗಿದ್ದರೆ, ಉದಾಹರಣೆಗೆ ತೀವ್ರ ಅನಾರೋಗ್ಯವಿದ್ದರೆ, ಸಲಹೆ ಪಡೆಯಲು ಸಾಕಷ್ಟು ಅವಕಾಶ ಕೊಡದೆ ಮುಂದುವರಿದ ಏಜೆಂಟರು ಭೇಟಿಯ ಶುಲ್ಕವನ್ನು ವಸೂಲು ಮಾಡುವಂತಿಲ್ಲ. ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಈ ಕೊನೆಯ ನಿಯಮವನ್ನು ತಿಳಿದವರು ತೀರಾ ಕಡಿಮೆ, ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಪ್ರಕರಣದಲ್ಲಿ ನಿರ್ಣಾಯಕವಾದದ್ದು ನೋಟಿಸ್. ಮನೆಗೆ ಬರುವ ಮೊದಲು ಕನಿಷ್ಠ ಏಳು ಪೂರ್ಣ ದಿನಗಳ ಅವಧಿ ಕೊಟ್ಟು ಲಿಖಿತ ನೋಟಿಸ್ ನೀಡಬೇಕು. ಭಾನುವಾರಗಳೂ ಸರ್ಕಾರಿ ರಜಾದಿನಗಳೂ ಈ ಏಳರಲ್ಲಿ ಸೇರುವುದಿಲ್ಲ. ಅಂಚೆಯಲ್ಲಿ ಕಳುಹಿಸುವುದಾದರೆ ಬಾಕಿದಾರರು ಸಾಮಾನ್ಯವಾಗಿ ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳಕ್ಕೆ ಕಳುಹಿಸಬೇಕು ಎಂದು ಸ್ವತ್ತು ಜಪ್ತಿಯ 2013ರ ನಿಯಮಗಳು ಹೇಳುತ್ತವೆ. ನೀವು ತಿಂಗಳುಗಳ ಹಿಂದೆಯೇ ಬಿಟ್ಟ ಫ್ಲ್ಯಾಟಿಗೆ ಅದು ಹೋಗಿದ್ದರೆ, ನಿಮಗೆ ನೋಟಿಸ್ ಕೊಟ್ಟಂತಾಗಲಿಲ್ಲ, ಆದ್ದರಿಂದ 235 ಪೌಂಡನ್ನು ಕೈಬಿಡಬೇಕು ಎಂದು ವಾದಿಸಲು ಗಟ್ಟಿಯಾದ ಆಧಾರವಿದೆ. ನೋಟಿಸ್ ಯಾವ ದಿನ, ಯಾವ ವಿಳಾಸಕ್ಕೆ ಹೋಯಿತು ಎಂದು ಏಜೆಂಟ್ ಸಂಸ್ಥೆಯನ್ನೂ ಕೌನ್ಸಿಲ್ಲನ್ನೂ ಇಂದೇ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಕೇಳಿದರೂ ನಂತರ ಇಮೇಲ್ ಕಳುಹಿಸಿ.

ಎರಡನೆಯ ಉತ್ತರ: ಬಾಡಿಗೆ ಮನೆಗಳ ಲೆಕ್ಕಪತ್ರ ನೋಡುವವರು

ಸ್ವಯಂಸೇವಕಿಯವರು ಶುಲ್ಕದ ಬಗ್ಗೆ ಹೇಳಿದ್ದೆಲ್ಲವೂ ಸರಿಯಾಗಿದೆ. ಆದರೆ ನನಗೆ ಶುಲ್ಕಕ್ಕಿಂತ ಮೊದಲು ಬಾಕಿಯೇ ಅನುಮಾನಾಸ್ಪದವಾಗಿ ಕಾಣುತ್ತಿದೆ, ಏಕೆಂದರೆ 640 ಎಂಬುದು 160ರ ಸರಿಯಾಗಿ ನಾಲ್ಕು ಪಟ್ಟು. ಅಂದರೆ ಅಕ್ಟೋಬರಿನಿಂದ ಜನವರಿಯವರೆಗಿನ ಕಂತುಗಳು. ನೀವು ಬಿಟ್ಟುಹೋದದ್ದನ್ನು ದಾಖಲಿಸಿಕೊಳ್ಳದೆ, ಹಳೆಯ ಫ್ಲ್ಯಾಟಿನ ಖಾತೆಯನ್ನು ವರ್ಷಪೂರ್ತಿ ನಿಮ್ಮ ಹೆಸರಿನಲ್ಲೇ ನಡೆಸಿದ್ದಾರೆ ಎಂದು ಇದರಿಂದ ಊಹಿಸಬಹುದು.

ಕೌನ್ಸಿಲ್ ತೆರಿಗೆಯನ್ನು ದಿನದ ಲೆಕ್ಕದಲ್ಲಿ ವಿಧಿಸುತ್ತಾರೆ. ಕಂತು ಕಟ್ಟುವ ಅನುಕೂಲಕ್ಕಷ್ಟೇ ಅದನ್ನು ಹತ್ತು ತಿಂಗಳಿಗೆ ಹಂಚಿರುತ್ತಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ 183 ದಿನ. 1,600 ಪೌಂಡಿನಲ್ಲಿ 365ರಲ್ಲಿ 183 ಭಾಗವೆಂದರೆ ಸುಮಾರು 802 ಪೌಂಡ್. ನೀವು ಕಟ್ಟಿರುವುದು 960. ಬಾಡಿಗೆ ಕರಾರು ಸೆಪ್ಟೆಂಬರ್ 30ಕ್ಕೇ ಮುಗಿದಿದ್ದರೆ, ಕೌನ್ಸಿಲ್ಲೇ ನಿಮಗೆ ಸುಮಾರು 158 ಪೌಂಡ್ ಹಿಂದಿರುಗಿಸಬೇಕು.

ಇನ್ನೂ ಒಂದು ವಿಷಯವಿದೆ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ತೆರಿಗೆಯಲ್ಲಿ ಶೇ. 25 ರಿಯಾಯಿತಿ ಇದೆ. ಜುಲೈಗೆ ಮೊದಲು ನೀವು ಒಬ್ಬರೇ ಇದ್ದಿರಿ; 1,600 ಎಂಬುದು ರಿಯಾಯಿತಿ ಇಲ್ಲದ ಪೂರ್ಣ ಮೊತ್ತವಾಗಿದ್ದರೆ, ಏಪ್ರಿಲಿನಿಂದ ಜೂನ್‌ವರೆಗಿನ 91 ದಿನಗಳಿಗೆ ಸುಮಾರು 100 ಪೌಂಡ್ ಕಡಿಮೆಯಾಗಬೇಕು, ಮತ್ತು ಇದನ್ನು ಹಿಂದಿನ ಅವಧಿಗೂ ಕೇಳಬಹುದು. ವೀಸಾದಲ್ಲಿ ಸಾರ್ವಜನಿಕ ನಿಧಿಯಿಂದ ನೆರವು ಪಡೆಯಬಾರದೆಂಬ ಷರತ್ತು ಇರುವುದರಿಂದ ನಮ್ಮವರು ಈ ರಿಯಾಯಿತಿಯನ್ನು ಕೇಳಲೂ ಹಿಂಜರಿಯುತ್ತಾರೆ. ಅದು ಅನಗತ್ಯವಾದ ಭಯ. ಒಬ್ಬರೇ ಇರುವವರ ರಿಯಾಯಿತಿ ಸಾರ್ವಜನಿಕ ನಿಧಿಯ ನೆರವು ಎನಿಸುವುದಿಲ್ಲ. ಆದಾಯ ಕಡಿಮೆ ಇರುವವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಂಬುದು ಮಾತ್ರ ಆ ಪಟ್ಟಿಯಲ್ಲಿದೆ; ಅದಕ್ಕೆ ಅರ್ಜಿ ಹಾಕಬೇಡಿ. ಎರಡರ ಹೆಸರೂ ಹತ್ತಿರವಿರುವುದರಿಂದ ಅರ್ಜಿ ತುಂಬುವಾಗ ಬಹಳ ಎಚ್ಚರ ಬೇಕು.

ನಿಮ್ಮಿಂದ ತಿಳಿಯಬೇಕಾದದ್ದು ಒಂದೇ: ಕರಾರು ನಿಜವಾಗಿ ಯಾವ ದಿನ ಮುಗಿಯಿತು? ನಿಗದಿತ ಅವಧಿಯ ಕರಾರು ಇನ್ನೂ ಉಳಿದಿರುವಾಗಲೇ ಮನೆ ಖಾಲಿ ಮಾಡಿದ್ದರೆ, ಅಲ್ಲಿ ವಾಸವಿಲ್ಲದಿದ್ದರೂ ಅವಧಿ ಮುಗಿಯುವವರೆಗೆ ತೆರಿಗೆಯ ಹೊಣೆ ನಿಮ್ಮ ಮೇಲೇ ಇರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರಾರು ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಬೀಗದ ಕೈ ಒಪ್ಪಿಸಿದ ದಿನದ ತಪಾಸಣಾ ವರದಿಯೂ, ಠೇವಣಿ ಹಿಂದಿರುಗಿಸಿದ ಪತ್ರವೂ ನನ್ನ ಬಳಿ ಇವೆ. ಎರಡರಲ್ಲೂ ಅದೇ ದಿನಾಂಕವಿದೆ. ಒಬ್ಬರೇ ಇರುವವರ ರಿಯಾಯಿತಿಯನ್ನು ನಾನು ಪಡೆದಿರಲಿಲ್ಲ, ಬಿಲ್ಲಿನಲ್ಲಿ ಅದರ ಉಲ್ಲೇಖವಿಲ್ಲ. ಏಜೆಂಟ್ ಸಂಸ್ಥೆಗೆ ಫೋನ್ ಮಾಡಿದಾಗ, ನೋಟಿಸ್ ಹಳೆಯ ಫ್ಲ್ಯಾಟಿಗೆ ಹೋಗಿತ್ತು, ನಂತರ ಹುಡುಕಿ ನಿಮ್ಮ ಈಗಿನ ವಿಳಾಸ ಪಡೆದೆವು ಎಂದು ಒಪ್ಪಿಕೊಂಡರು. ಆದರೆ ನ್ಯಾಯಾಲಯದ ಆದೇಶ ಇರುವವರೆಗೆ ತಾವು ನಿಲ್ಲಿಸುವುದಿಲ್ಲ, ಕೌನ್ಸಿಲ್ಲನ್ನೇ ಕೇಳಿ ಎಂದರು. ಕೌನ್ಸಿಲ್ಲಿನ ಸಹಾಯವಾಣಿಯಲ್ಲಿ ಮಾತನಾಡಿದವರು, ಪ್ರಕರಣ ಈಗ ಏಜೆಂಟರ ಕೈಯಲ್ಲಿದೆ, ಅವರ ಬಳಿಯೇ ಮಾತನಾಡಿ ಎಂದರು. ಈಗ ಯಾರ ಬಳಿ ಹೋಗಬೇಕು? ಮತ್ತು ಕಾರಿನ ಚಿಂತೆ ಇನ್ನೂ ಉಳಿದಿದೆ.

ಮೊದಲ ಉತ್ತರ ಬರೆದವರು ಮತ್ತೆ

ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸುವುದನ್ನು ನಾವು ಪದೇ ಪದೇ ಕಾಣುತ್ತೇವೆ, ಮತ್ತು ಭಯದಲ್ಲಿರುವ ಕುಟುಂಬಗಳನ್ನು ಹೀಗೆ ಅಲೆದಾಡಿಸುವುದು ನನಗೆ ನಿಜಕ್ಕೂ ನೋವು ತರುತ್ತದೆ. ಹೊಣೆ ಕೌನ್ಸಿಲ್ಲಿನದೇ. ಏಜೆಂಟರು ಕೌನ್ಸಿಲ್ಲಿನ ಪರವಾಗಿ ಕೆಲಸ ಮಾಡುವವರು. ಪ್ರಕರಣವನ್ನು ವಾಪಸ್ ಕರೆಸಿಕೊಳ್ಳುವ ಅಧಿಕಾರ ಕೌನ್ಸಿಲ್ಲಿಗೆ ಯಾವಾಗಲೂ ಇರುತ್ತದೆ. ಸಹಾಯವಾಣಿಯನ್ನು ಬಿಟ್ಟು, ಕೌನ್ಸಿಲ್ಲಿನ ಅಧಿಕೃತ ದೂರು ವಿಭಾಗಕ್ಕೂ ತೆರಿಗೆ ವಿಭಾಗದ ಮುಖ್ಯಸ್ಥರಿಗೂ ಒಂದೇ ಇಮೇಲ್ ಕಳುಹಿಸಿ, ಏಜೆಂಟ್ ಸಂಸ್ಥೆಗೆ ಅದರ ಪ್ರತಿ ಹಾಕಿ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಪ್ರತಿ ಹೋದರೆ ಉತ್ತರ ಬೇಗ ಬರುವ ಸಾಧ್ಯತೆ ಹೆಚ್ಚು.

ಆ ಪತ್ರದಲ್ಲಿ ವಿಷಯವನ್ನು ಈ ಕ್ರಮದಲ್ಲಿ ಹೇಳಿ. ವಿಳಾಸ ಬದಲಾವಣೆ ತಿಳಿಸಿದ ದಿನಾಂಕ ಮತ್ತು ಸ್ವೀಕೃತಿ ಇಮೇಲ್. ಕರಾರು ಮುಗಿದ ದಾಖಲೆಗಳು. ಮೇಲಿನವರು ಮಾಡಿಕೊಟ್ಟ ದಿನವಾರು ಲೆಕ್ಕ. ಆದ್ದರಿಂದ ಬಾಕಿಯೇ ಇಲ್ಲವೆಂಬ ಮಾತು. ನಂತರ ಮೂರು ಬೇಡಿಕೆಗಳನ್ನು ಸ್ಪಷ್ಟವಾಗಿ ಇಡಿ: ಖಾತೆಯನ್ನು ಸೆಪ್ಟೆಂಬರ್ 30ಕ್ಕೆ ಮುಚ್ಚಬೇಕು, ಅದು ಮುಗಿಯುವವರೆಗೆ ಏಜೆಂಟರನ್ನು ತಡೆಹಿಡಿಯಬೇಕು, ಮತ್ತು ಲಯಬಿಲಿಟಿ ಆರ್ಡರ್ (ತೆರಿಗೆ ಬಾಕಿ ವಸೂಲಿಗೆ ನ್ಯಾಯಾಲಯ ಕೊಟ್ಟ ಆದೇಶ) ರದ್ದುಗೊಳಿಸುವಂತೆ ಕೌನ್ಸಿಲ್ಲೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಈ ಕೊನೆಯದು ಔದಾರ್ಯದ ಮಾತಲ್ಲ. ಹೊರಡಿಸಬಾರದಾಗಿದ್ದ ಆದೇಶವನ್ನು ರದ್ದುಗೊಳಿಸಲು ಕೌನ್ಸಿಲ್ ಅರ್ಜಿ ಸಲ್ಲಿಸುವ ವ್ಯವಸ್ಥೆ 1992ರ ಕೌನ್ಸಿಲ್ ತೆರಿಗೆ ಆಡಳಿತ ಮತ್ತು ಜಾರಿ ನಿಯಮಗಳಲ್ಲೇ ಇದೆ. ಆದೇಶ ರದ್ದಾದರೆ ಅದನ್ನು ಆಧರಿಸಿದ 80 ಪೌಂಡ್ ವೆಚ್ಚಕ್ಕೂ 310 ಪೌಂಡ್ ಶುಲ್ಕಕ್ಕೂ ನಿಲ್ಲಲು ನೆಲೆಯಿಲ್ಲ. ಸಮನ್ಸನ್ನು ಕೊನೆಯದಾಗಿ ತಿಳಿದಿರುವ ವಿಳಾಸಕ್ಕೆ ಕಳುಹಿಸಿದರೆ ಸಾಕು ಎಂದು ಕೌನ್ಸಿಲ್ ಉತ್ತರಿಸಬಹುದು; ಆದರೆ ಅವರಿಗೆ ತಿಳಿದಿದ್ದ ಕೊನೆಯ ವಿಳಾಸ ನಿಮ್ಮ ಹೊಸ ಮನೆಯದೇ ಆಗಿತ್ತು ಎಂಬುದಕ್ಕೆ ಅವರದೇ ಇಮೇಲ್ ಸಾಕ್ಷಿ. ಕೌನ್ಸಿಲ್ ಒಪ್ಪದಿದ್ದರೆ ಆದೇಶವನ್ನು ಬದಿಗಿಡುವಂತೆ ನೀವೇ ನ್ಯಾಯಾಲಯವನ್ನು ಕೇಳಬಹುದು, ಆದರೆ ತಡ ಮಾಡಬಾರದು.

ತೆರಿಗೆಯ ಹೊಣೆಯ ಬಗ್ಗೆಯೇ ಕೌನ್ಸಿಲ್ ತಕರಾರು ತೆಗೆದರೆ ಇಂಗ್ಲೆಂಡಿನ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಮೊದಲು ಕೌನ್ಸಿಲ್ಲಿಗೆ ಬರೆದು ಎರಡು ತಿಂಗಳು ಕಾಯಬೇಕು. ಅವರು ತಿರಸ್ಕರಿಸಿದರೆ ಆ ನಿರ್ಧಾರದಿಂದ ಎರಡು ತಿಂಗಳೊಳಗೆ, ಉತ್ತರವನ್ನೇ ಕೊಡದಿದ್ದರೆ ನಿಮ್ಮ ಪತ್ರದಿಂದ ನಾಲ್ಕು ತಿಂಗಳೊಳಗೆ ಮೇಲ್ಮನವಿ ಹಾಕಬೇಕು. ಏಜೆಂಟರ ನಡವಳಿಕೆ ಮತ್ತು ಕೌನ್ಸಿಲ್ಲಿನ ನಿರ್ಲಕ್ಷ್ಯದ ಬಗ್ಗೆ, ಕೌನ್ಸಿಲ್ಲಿನ ದೂರು ಪ್ರಕ್ರಿಯೆ ಮುಗಿದ ಮೇಲೆ, ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್ ಬಳಿ ಹೋಗಬಹುದು; ಅಲ್ಲಿಯೂ ಶುಲ್ಕವಿಲ್ಲ.

ಕಾರಿನ ವಿಷಯ. ಏಜೆಂಟರು ಬಾಕಿದಾರರ ಸ್ವತ್ತನ್ನು ಮಾತ್ರ ಜಪ್ತಿ ಮಾಡಬಹುದು. ಕಂತಿನ ಕರಾರಿನಲ್ಲಿ ಕೊನೆಯ ಕಂತಿನವರೆಗೆ ಮಾಲೀಕತ್ವ ಹಣಕಾಸು ಸಂಸ್ಥೆಯದೇ ಎಂದಿದ್ದರೆ ಅದರ ಪ್ರತಿಯನ್ನು ಈಗಲೇ ಏಜೆಂಟ್ ಸಂಸ್ಥೆಗೆ ಕಳುಹಿಸಿಬಿಡಿ. ಚಕ್ರಕ್ಕೆ ಬೀಗ ಬಿದ್ದ ಮೇಲೆ ವಾದಿಸುವುದಕ್ಕಿಂತ ಅದು ಸುಲಭ. ಅಷ್ಟಾದರೂ ಬೀಗ ಹಾಕಿದರೆ, ಎರಡು ಗಂಟೆಗಳಾದರೂ ವಾಹನವನ್ನು ಅಲ್ಲೇ ಬಿಟ್ಟಿರಬೇಕು. ಪ್ರಕರಣ ಮುಗಿಯುವವರೆಗೆ ಕಾರನ್ನು ಮನೆಯಿಂದ ದೂರ, ಬೀಗ ಹಾಕಿದ ಗ್ಯಾರೇಜಿನಲ್ಲೋ ಪರಿಚಯದವರ ಖಾಸಗಿ ಜಾಗದಲ್ಲೋ ನಿಲ್ಲಿಸುವುದು ಉತ್ತಮ. ಕಚೇರಿಯ ಲ್ಯಾಪ್‌ಟಾಪ್ ನಿಮ್ಮ ಸ್ವತ್ತಲ್ಲ, ಅದನ್ನು ಮುಟ್ಟುವಂತಿಲ್ಲ. ಮನೆಯವರಿಗೆ ಅಗತ್ಯವಾದ ಹಾಸಿಗೆ, ಒಲೆ ಅಥವಾ ಮೈಕ್ರೋವೇವ್, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಊಟದ ಮೇಜು ಮತ್ತು ಕುರ್ಚಿಗಳು, ಮಗುವಿನ ಆರೈಕೆಯ ವಸ್ತುಗಳು, ಒಂದು ಫೋನ್, ಇವೆಲ್ಲವೂ ಜಪ್ತಿಯಿಂದ ಹೊರಗೆ. ವೃತ್ತಿಯ ಉಪಕರಣಗಳಿಗೆ ಒಟ್ಟು 1,350 ಪೌಂಡ್ ಮೌಲ್ಯದವರೆಗೆ ವಿನಾಯಿತಿ ಇದೆ.

ವೀಸಾದ ಬಗ್ಗೆ: ಲಯಬಿಲಿಟಿ ಆರ್ಡರ್ ಅನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಹೊರಡಿಸಿದರೂ ಅದು ಅಪರಾಧ ನಿರ್ಣಯವಲ್ಲ, ಮತ್ತು ಕೌಂಟಿ ನ್ಯಾಯಾಲಯದ ತೀರ್ಪಿನಂತೆ ಸಾಲದ ದಾಖಲೆಗಳಲ್ಲಿ ನಮೂದಾಗುವುದೂ ಇಲ್ಲ. ಆದರೂ ಆದೇಶ ರದ್ದಾದ ಪತ್ರವನ್ನು ಶಾಶ್ವತವಾಗಿ ಇಟ್ಟುಕೊಳ್ಳಿ.

ಮೂರನೆಯ ಉತ್ತರ: ಬೆಂಗಳೂರಿನಲ್ಲಿ ವಕೀಲಿ ಮಾಡಿ ಈಗ ಮಗನ ಮನೆಯಲ್ಲಿರುವವರು

ತಮ್ಮಾ, ನಿಮ್ಮ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಊರುಗಳಲ್ಲಿ ಡಿಕ್ರಿ ಜಾರಿಗೆ ನ್ಯಾಯಾಲಯದ ಅಮೀನರು ಮನೆಗೆ ಬಂದರೆಂದರೆ ಬೀದಿಯವರೆಲ್ಲ ಸೇರುತ್ತಾರೆ, ಮರ್ಯಾದೆಯ ಪ್ರಶ್ನೆಯಾಗುತ್ತದೆ. ಆ ಭಯದಲ್ಲೇ ಜನ ಕೊಡಬೇಕಿಲ್ಲದ ಹಣವನ್ನೂ ಕೊಟ್ಟು ಕಳುಹಿಸುತ್ತಾರೆ. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿ ಹೇಳಬೇಕೆನಿಸಿತು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ, ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳ ಜೊತೆಗೆ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣುಮಕ್ಕಳು ತೆಗೆದಿಡಲಾಗದ ಆಭರಣಗಳನ್ನೂ ಜಪ್ತಿಯಿಂದ ಹೊರಗಿಡುತ್ತದೆ. ಇಂಗ್ಲೆಂಡಿನ ವಿನಾಯಿತಿ ಪಟ್ಟಿಯಲ್ಲಿ ಅಂಥ ರಕ್ಷಣೆ ಕಾಣುವುದಿಲ್ಲ. ನಮ್ಮವರು ಮನೆಯಲ್ಲಿ ಒಡವೆ ಇಟ್ಟುಕೊಳ್ಳುವುದು ಸಾಮಾನ್ಯವಾದ್ದರಿಂದ, ಬಾಗಿಲು ತೆರೆಯಬೇಡಿ ಎಂಬ ಸಲಹೆಗೆ ಇದೂ ಒಂದು ಬಲವಾದ ಕಾರಣ.

ನಾಲ್ಕನೆಯ ಉತ್ತರ: ಗ್ಲಾಸ್ಗೋದಿಂದ

ಸ್ಕಾಟ್ಲೆಂಡಿನಲ್ಲಿರುವವರು ಮೇಲಿನ ಶುಲ್ಕದ ಲೆಕ್ಕವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಇಲ್ಲಿ ಬರುವವರು ಶೆರಿಫ್ ಆಫೀಸರ್‌ಗಳು. ಕೌನ್ಸಿಲ್ ಸಮ್ಮರಿ ವಾರಂಟ್ (ಬಾಕಿ ವಸೂಲಿಗೆ ನ್ಯಾಯಾಲಯದ ಆದೇಶ) ಪಡೆದಾಗ ಬಾಕಿಗೆ ಶೇ. 10 ಸೇರಿಸುತ್ತದೆ, ಮತ್ತು ಪ್ರಕ್ರಿಯೆಯೇ ಬೇರೆ. ಈ ಮನೆಯವರ ಸಮಸ್ಯೆ ಇಂಗ್ಲೆಂಡಿನದಾದ್ದರಿಂದ ಅವರಿಗೆ ಕೊಟ್ಟ ಸಲಹೆ ಸರಿಯಾಗಿದೆ.

ಪ್ರಶ್ನೆ ಕೇಳಿದವರು

ಪತ್ರವನ್ನು ಎಲ್ಲ ದಾಖಲೆಗಳೊಂದಿಗೆ ಕಳುಹಿಸಿದ್ದೇನೆ. ಕಾರನ್ನು ಸಹೋದ್ಯೋಗಿಯ ಗ್ಯಾರೇಜಿಗೆ ಸಾಗಿಸಿದ್ದೇನೆ. ಕೌನ್ಸಿಲ್ಲಿನ ತೆರಿಗೆ ವಿಭಾಗದಿಂದ ಇಂದು ಉತ್ತರ ಬಂದಿದೆ: ದಾಖಲೆಗಳನ್ನು ಪರಿಶೀಲಿಸುವವರೆಗೆ ಏಜೆಂಟರಿಗೆ ತಡೆ ನೀಡಿದ್ದೇವೆ ಎಂದಷ್ಟೇ ಹೇಳಿದ್ದಾರೆ, ಶುಲ್ಕದ ಬಗ್ಗೆ ಏನೂ ಹೇಳಿಲ್ಲ. ಈ ನಡುವೆ ತೋರಿಕೆಗೆ 75 ಪೌಂಡನ್ನಾದರೂ ಕಟ್ಟಿದರೆ ಒಳ್ಳೆಯದೇ?

ಮೊದಲ ಉತ್ತರ ಬರೆದವರು

ಬೇಡ. ಬಾಕಿ ನಿಜವಾಗಿದ್ದು, ಅದನ್ನು ಕೌನ್ಸಿಲ್ಲಿಗೆ ನೇರವಾಗಿ ಕಟ್ಟುವವರಿಗೆ ನಾನು ಬೇರೆ ಮಾತು ಹೇಳುತ್ತಿದ್ದೆ: ಭಾಗಶಃ ಕಟ್ಟಿದ ಹಣದಲ್ಲಿ ಮೊದಲು 75 ಪೌಂಡ್ ಏಜೆಂಟರಿಗೆ ಹೋಗಿ, ಉಳಿದದ್ದು ಬಾಕಿಗೂ ಮಿಕ್ಕ ಶುಲ್ಕಕ್ಕೂ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ, ನೇರವಾಗಿ ಕಟ್ಟಿದ ಮಾತ್ರಕ್ಕೆ ಸರಿಯಾಗಿ ಬಂದ ಶುಲ್ಕ ತಪ್ಪುವುದಿಲ್ಲ. ನಿಮ್ಮಲ್ಲಿ ಬಾಕಿಯೇ ಇಲ್ಲವೆಂಬುದು ವಾದ. ಆ ವಾದ ಪರಿಶೀಲನೆಯಲ್ಲಿರುವಾಗ ಶುಲ್ಕದ ಒಂದು ಭಾಗವನ್ನು ಕಟ್ಟಿದರೆ ಅದನ್ನು ಹಿಂದಕ್ಕೆ ಪಡೆಯಲು ಮತ್ತೊಂದು ಪತ್ರವ್ಯವಹಾರ ಬೇಕಾಗುತ್ತದೆ. ಇಂದಿನ ಉತ್ತರಕ್ಕೆ ಮರುಪತ್ರ ಬರೆದು, ತಡೆ ಯಾವ ದಿನಾಂಕದವರೆಗೆ ಇದೆ, ಅದನ್ನು ಏಜೆಂಟ್ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಲಾಗಿದೆಯೇ, ಆದೇಶ ರದ್ದಾದಾಗ ಎರಡೂ ಹಂತದ ಶುಲ್ಕಗಳನ್ನು ತೆಗೆದುಹಾಕುತ್ತೀರಾ ಎಂದು ಕೇಳಿ. ಆ ಪತ್ರದ ಒಂದು ಮುದ್ರಿತ ಪ್ರತಿಯನ್ನು ಬಾಗಿಲ ಬಳಿ ಇಡಿ. ಏಜೆಂಟರು ಮತ್ತೆ ಬಂದರೆ ನಿಮ್ಮ ಮನೆಯವರು ಅದನ್ನು ಅಂಚೆ ಕಿಂಡಿಯಿಂದ ಹೊರಗೆ ಕೊಟ್ಟರೆ ಸಾಕು.